ಪೆಟ್ಟಿಗೆಯ ತಳದ ಮೀನು

ಮೀನು ಮಾರುವವನೊಬ್ಬ ಮೀನು ಹಿಡಿಯುವುದರ ವಿರುದ್ಧ ಫಲಕ ಹಿಡಿದು ಮಳೆಯಲ್ಲಿ ನಿಂತ ಚಿತ್ರ ಸ್ಕಾಟ್‌ಲೆಂಡಿನ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ, ನಾನು ಊರು ಮುಟ್ಟುವ ಮೊದಲೇ ಯಲ್ಲಾಪುರದ ಮೀನುಪೇಟೆ ಮುಟ್ಟಿತ್ತು. ಅದು ಇಬ್ರಾಹಿಂ ಸಾಬರಲ್ಲ, ಅವರ ಹಾಗೆ ಕಾಣುವ ಇನ್ಯಾರೋ ಎಂದು ನನ್ನ ಹಿತೈಷಿಗಳು ಪೇಟೆಯಲ್ಲಿ ವಾದಿಸಿದರಂತೆ. ಅವರ ಪ್ರೀತಿ ದೊಡ್ಡದು. ಆದರೆ ಅದು ನಾನೇ. ಫಲಕವನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂಬ ಆರೋಪವೂ ನಿಜ. ಅದರ ಮೇಲೆ ಅಕ್ಷರವಿರಲಿಲ್ಲ, ಒಂದು ಮೀನಿನ ಚಿತ್ರ ಮಾತ್ರ ಇತ್ತು. ಹೊಟ್ಟೆ ಮೇಲೆ ಮಾಡಿದ ಮೀನನ್ನೇ ಜೀವಮಾನವಿಡೀ ನೋಡಿದವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಇದೆಲ್ಲ ಹೇಗಾಯಿತೆಂದು ಪೇಟೆಯಲ್ಲಿ ಒಬ್ಬೊಬ್ಬರಿಗೇ ಹೇಳಿ ಗಂಟಲು ಒಣಗಿದೆ. ಒಮ್ಮೆ ಬರೆದುಬಿಟ್ಟರೆ ಕೇಳಿದವರ ಕೈಗೆ ಕೊಟ್ಟು ನನ್ನ ಕೆಲಸ ನೋಡಿಕೊಳ್ಳಬಹುದು.

ಗ್ಲಾಸ್ಗೋ

ಅಪ್ಪನ ಕಾಲದಿಂದ ನಮ್ಮದು ಮೀನಿನ ವ್ಯಾಪಾರ. ಅಂಕೋಲೆಯಿಂದ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳು ನಸುಕಿನಲ್ಲಿ ಟೆಂಪೋ ಏರಿ ಅರಬೈಲ್ ಘಟ್ಟ ಹತ್ತಿ ಬಂದು ಯಲ್ಲಾಪುರದಲ್ಲಿ ನನ್ನ ಅಂಗಡಿಯ ಮುಂದೆ ಇಳಿಯುತ್ತವೆ. ಅಲ್ಲಿಂದ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವವರು ವಜ್ರಳ್ಳಿಯ ಕಡೆಗೆ, ಸಿರ್ಸಿಯ ದಾರಿಯ ಊರುಗಳಿಗೆ ಒಯ್ಯುತ್ತಾರೆ. ಮಳೆಗಾಲ ಹಿಡಿದಾಗ ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಯಂತ್ರದ ದೋಣಿಗಳನ್ನು ದಡಕ್ಕೆ ಕಟ್ಟಿಸುತ್ತದೆ. ದೋಣಿಗೆ ಪೂರ್ತಿ ರಜೆಯಾದರೆ ಟೆಂಪೋಗೆ ಅರ್ಧ ರಜೆ. ನನಗೆ ರಜೆಯೂ ಇಲ್ಲ, ಕೆಲಸವೂ ಇಲ್ಲ. ಅಂಗಡಿಯಲ್ಲಿ ಕುಳಿತು ನೊಣಗಳ ಜೊತೆ ಹಳೆಯ ಪರಿಚಯ ನವೀಕರಿಸಿಕೊಳ್ಳುತ್ತೇನೆ.

ಸಿರ್ಸಿಯಲ್ಲಿರುವ ತಂಗಿಯ ಮಗಳು ಸಬೀಹಾ ಈ ರಜೆಯ ಮೇಲೆಯೇ ಕಣ್ಣಿಟ್ಟಿದ್ದಳು. ಕಾರವಾರದಲ್ಲಿ ಸಮುದ್ರದ ಜೀವಿಗಳ ಬಗ್ಗೆ ಓದಿ, ಇನ್ನೂ ಓದುವುದು ಬಾಕಿ ಇದೆಯೆಂದು ಸ್ಕಾಟ್‌ಲೆಂಡಿಗೆ ಹೋದವಳು. ಮಾಮು ಒಮ್ಮೆ ಬಂದು ಇಲ್ಲಿಯ ಸಮುದ್ರ ನೋಡಬೇಕು ಎಂದು ಹಟ ಹಿಡಿದಳು. ನಮ್ಮ ಟೆಂಪೋ ಓಡಿಸುವ ಮಾಬ್ಲ ನಾಯ್ಕ ಅರಬೈಲಿನವನು. ಹೊರಡುವ ದಿನ ಅವನು ಕೊಟ್ಟ ಬುದ್ಧಿಮಾತು ಒಂದೇ.

"ಸಾಬ್ರೆ, ಅಲ್ಲಿ ಹೋಗಿ ಮೀನಿನ ರೇಟ್ ಕೇಳೂಕ್ ಹೋಗ್ಬೇಡಿ. ಮರ್ಯಾದೆ ಹೋಗ್ತದೆ."

ಗ್ಲಾಸ್ಗೋದಲ್ಲಿ ಇಳಿದ ಮರುದಿನವೇ ನಾನು ಮೀನಿನ ಅಂಗಡಿಯೊಂದರಲ್ಲಿ ನಿಂತಿದ್ದೆ. ರೇಟು ಕೇಳಲಿಲ್ಲ, ಮಾಬ್ಲನ ಮಾತಿಗೆ ಅಷ್ಟು ಬೆಲೆ ಕೊಟ್ಟೆ. ಅಂಗಡಿ ನಮ್ಮ ಒಳ್ಳೆಯ ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ಗಾಜಿನ ಹಿಂದೆ ಮೀನುಗಳು ಮಲಗಿದ್ದವು, ಬಹುಪಾಲು ತಲೆಯಿಲ್ಲದೆ. ತಲೆಯಿಲ್ಲದ ಮೀನನ್ನು ಕೊಳ್ಳುವುದೆಂದರೆ ಫೋಟೋ ಕೂಡ ನೋಡದೆ ಮದುವೆಗೆ ಒಪ್ಪಿದ ಹಾಗೆ. ಕಣ್ಣು ನೋಡಬೇಕು, ಕಿವಿರು ಎತ್ತಿ ಬಣ್ಣ ನೋಡಬೇಕು. ಇಡೀ ಮೀನು ಒಂದೇ ಒಂದು ಇತ್ತು. ಅದರ ಕಿವಿರು ಎತ್ತಿ ತೋರಿಸಬಹುದೇ ಎಂದು ಸನ್ನೆಯಲ್ಲಿ ನನ್ನ ಕಿವಿಯ ಹಿಂದೆ ಬೆರಳಿಟ್ಟು ಕೇಳಿದೆ. ಅಂಗಡಿಯಾಕೆ ಕರುಣೆಯಿಂದ ರಸ್ತೆಯ ಆಚೆ ಇರುವ ಕಿವಿ ಡಾಕ್ಟರರ ಬೋರ್ಡು ತೋರಿಸಿದಳು.

ಹಡಗಿನ ಮೇಲೆ

ನಾವು ಹೋಗಬೇಕಾದದ್ದು ಪಶ್ಚಿಮ ತೀರದ ಒಂದು ದ್ವೀಪಕ್ಕೆ. ಅದರ ಹೆಸರು ಬರೆಯುವುದಿಲ್ಲ. ನಮಗೆ ಮನೆಯಲ್ಲಿ ಜಾಗ ಕೊಟ್ಟ ಮೋರಾಗ್ ಬೇಡವೆಂದಿದ್ದಾಳೆ. ಆಕೆ ಶಾಲೆಯ ಟೀಚರ್ ಆಗಿದ್ದವಳು, ಬೇಡ ಎಂದರೆ ಬೇಡ.

ಕಾರು, ಲಾರಿ, ಕುರಿಗಳನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಂಡು ಹೋಗುವ ಹಡಗದು. ಜೂನ್ ತಿಂಗಳು ಅಲ್ಲಿಯ ಬೇಸಿಗೆಯೆಂದು ಜನ ಅಂಗಿಯ ತೋಳು ಮಡಿಸಿದ್ದರು. ನಾನು ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಸಬೀಹಾಳ ಮಳೆಯಂಗಿ ಹಾಕಿಕೊಂಡು, ಹೊದೆಸಿದ ಸ್ಕೂಟರಿನ ಹಾಗೆ ಒಂದು ಮೂಲೆಯಲ್ಲಿ ನಿಂತಿದ್ದೆ. ದೂರದಲ್ಲಿ ಒಂದು ದೊಡ್ಡ ಟ್ರಾಲರ್ ಹೋಗುತ್ತಿತ್ತು, ಹಿಂದೆ ಹಕ್ಕಿಗಳ ಮೋಡ. ನಮ್ಮ ವೃತ್ತಿಯವರಿಗೆ ಹಾಗೆ ಹಕ್ಕಿ ಮುತ್ತಿದ ದೋಣಿ ಕಂಡರೆ ಸಂತೋಷವಾಗುತ್ತದೆ. ನಾನು ಸಂತೋಷಪಟ್ಟೆ. ಸಬೀಹಾ ಪಡಲಿಲ್ಲ.

ಭಾರದ ಸರಪಳಿ ಕಟ್ಟಿದ ಬಲೆಯನ್ನು ಸಮುದ್ರದ ತಳದ ಮೇಲೆ ಎಳೆದುಕೊಂಡು ಹೋಗುತ್ತಾರೆ, ಸಿಗಡಿಗೆಂದು ಎಳೆದದ್ದರಲ್ಲಿ ಪಾಚಿ, ಚಿಪ್ಪು, ಮೀನಿನ ಮರಿ ಎಲ್ಲ ಬರುತ್ತದೆ, ಬೇಡದ್ದು ಸತ್ತು ಹೋಗುತ್ತದೆ ಎಂದು ಅವಳು ವಿವರಿಸಿದಳು. ಹರಿವೆ ಸೊಪ್ಪು ಕೀಳಲು ಜೆಸಿಬಿ ತಂದ ಹಾಗಾಯಿತಲ್ಲ ಎಂದೆ. ಅವಳಿಗೆ ಈ ಹೋಲಿಕೆ ಹಿಡಿಸಿತು. ಆ ಖುಷಿಯಲ್ಲಿ, ಅಷ್ಟು ಹೊತ್ತು ಮುಚ್ಚಿಟ್ಟದ್ದನ್ನು ಹೊರಗೆ ಹಾಕಿದಳು. ನಾವು ಹೋಗುತ್ತಿರುವುದು ಪ್ರವಾಸಕ್ಕಲ್ಲ, ಧರಣಿಗೆ. ದ್ವೀಪದ ಮುಂದೆ ಒಂದು ಕೊಲ್ಲಿ ಇದೆ. ಅದನ್ನು ಯಾರೂ ಏನೂ ಹಿಡಿಯಬಾರದ ಜಾಗವೆಂದು ಸರ್ಕಾರ ಘೋಷಿಸಬೇಕು, ಟ್ರಾಲರಿಗೂ ಬೀಗ, ಊರಿನ ಸಣ್ಣ ದೋಣಿಗೂ ಬೀಗ. ಊರಿನವರನ್ನು ಕೇಳಲು ವಾರದ ಕೊನೆಗೆ ಅಧಿಕಾರಿಗಳು ಬರುತ್ತಾರೆ. ಸಣ್ಣ ದೋಣಿಯವರು ಒಪ್ಪದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಆ ದೋಣಿಯವರೆಲ್ಲ ಬಾಯಿ ಬಿಡುವ ಮೊದಲು ಒಬ್ಬ ಹಿರಿಯನ ಮುಖ ನೋಡುತ್ತಾರೆ. ಅವನ ಹೆಸರು ಕ್ಯಾಲಮ್. ಅವನು ಒಪ್ಪಿಲ್ಲ.

"ಇದರಲ್ಲಿ ನಂಗೆಂತ ಕೆಲಸ?" ಎಂದು ಕೇಳಿದೆ.

"ನಿಮಗೇನೂ ಇಲ್ಲ ಮಾಮು. ಸುಮ್ನೆ ನಿಂತ್ಕೊಂಡ್ರೆ ಸಾಕು. ಜನ ಕಮ್ಮಿ ಇದ್ದಾರೆ."

ನನ್ನ ಯೋಗ್ಯತೆಯನ್ನು ಇಷ್ಟು ಸರಿಯಾಗಿ ಅಳೆದವರು ನಮ್ಮ ಕುಟುಂಬದಲ್ಲಿ ಈ ಹಿಂದೆ ಯಾರೂ ಇರಲಿಲ್ಲ.

ಮೋರಾಗ್‌ಳ ಮನೆ

ಕೊಲ್ಲಿಗೆ ಮುಖ ಮಾಡಿದ ಬಿಳಿ ಗೋಡೆಯ ಮನೆ. ಧರಣಿಯ ಮುಂದಾಳು ಮೋರಾಗ್ ಅಲ್ಲಿರುತ್ತಾಳೆ. ಅವಳ ಅಣ್ಣನೂ ಅಲ್ಲೇ ಇರುತ್ತಾನೆ. ಅಣ್ಣನ ಹೆಸರು ಕ್ಯಾಲಮ್ ಎಂದು ಗೊತ್ತಾದಾಗ ನಾನು ಚೀಲವನ್ನು ಬಾಗಿಲ ಹೊರಗೇ ಸ್ವಲ್ಪ ಹೊತ್ತು ಇಟ್ಟುಕೊಂಡೆ.

ಅಣ್ಣ ತಂಗಿ ಇಬ್ಬರೂ ಮದುವೆಯಾದವರಲ್ಲ. ಇಬ್ಬರೂ ಸಜ್ಜನರು. ಹೀಗಾಗಿ ಮನೆಯೊಳಗೆ ಒಂದು ಕಾಯಿದೆ ಮಾಡಿಕೊಂಡಿದ್ದರು: ಊಟದ ಮೇಜಿನಲ್ಲಿ ಸಮುದ್ರದ ಮಾತಿಲ್ಲ. ನಾಲ್ಕು ಕಡೆಯೂ ಸಮುದ್ರವಿರುವ ಊರಿನಲ್ಲಿ ಇದು ಸುಲಭದ ವ್ರತವಲ್ಲ. ಹವೆಯ ಮಾತು ಎತ್ತಿದರೆ ಗಾಳಿಗೆ ಹೋಗುತ್ತದೆ, ಗಾಳಿಯಿಂದ ಅಲೆಗೆ ಒಂದೇ ಹೆಜ್ಜೆ. ಆದ್ದರಿಂದ ಹವೆಯೂ ನಿಷಿದ್ಧ. ಉಳಿದದ್ದು ಕುರಿ. ಆ ಮನೆಯಲ್ಲಿ ಇದ್ದಷ್ಟು ದಿನವೂ ನಾವು ಪಕ್ಕದ ಮನೆಯವರ ಕುರಿಗಳ ಬಗ್ಗೆ ಗಂಭೀರವಾಗಿ ಚರ್ಚಿಸಿದೆವು.

ಕ್ಯಾಲಮ್ ಎತ್ತರದ ಮುದುಕ. ಕೈಬೆರಳುಗಳು ಒಂದೊಂದೂ ಹಸಿ ಅರಿಶಿನದ ಗೆಡ್ಡೆಯಷ್ಟು ದಪ್ಪ. ಬಲೆ ಹೆಣೆದ ಗೂಡುಗಳನ್ನು ಕೊಲ್ಲಿಯ ತಳಕ್ಕೆ ಇಳಿಬಿಟ್ಟು ಏಡಿ, ಸಿಗಡಿ ಹಿಡಿಯುವುದು ಅವನ ಕಸುಬು. ಅವನ ಅಪ್ಪನೂ ಅದೇ ಕೊಲ್ಲಿಯಲ್ಲಿ ಅದನ್ನೇ ಮಾಡಿದವನು. ಅವನ ಇಂಗ್ಲಿಷು ನನಗೆ ತಿಳಿಯದು, ನನ್ನ ಇಂಗ್ಲಿಷು ಯಾರಿಗೂ ತಿಳಿಯದು, ನಡುವೆ ಸಬೀಹಾ. ಅವನ ಮಾತನ್ನು ಇಲ್ಲಿ ಯಲ್ಲಾಪುರದ ಕನ್ನಡದಲ್ಲೇ ಬರೆಯುತ್ತೇನೆ. ಅವನು ನಮ್ಮ ಕಡೆ ಹುಟ್ಟಿದ್ದರೆ ಹಾಗೇ ಮಾತಾಡುತ್ತಿದ್ದ, ಅದರಲ್ಲಿ ಅನುಮಾನವಿಲ್ಲ.

ಎರಡನೆಯ ದಿನ ಅವನು ನಾಲ್ಕು ಬಂಗಡೆ ತಂದು ಅಡುಗೆಮನೆಯಲ್ಲಿಟ್ಟ. ಅವರ ಬಂಗಡೆ ನಮ್ಮದಕ್ಕಿಂತ ಉದ್ದ, ಬೆನ್ನಿನ ಮೇಲೆ ಹುಲಿಪಟ್ಟೆ. ಅದನ್ನು ಬೆಣ್ಣೆಯಲ್ಲಿ ಬಾಡಿಸಿ, ಉಪ್ಪಿನ ಹೊರತು ಮತ್ತೇನೂ ಸೋಕದಂತೆ ತಿನ್ನುವುದು ಅಲ್ಲಿಯ ಪದ್ಧತಿ. ಇದನ್ನು ನೋಡಿಕೊಂಡು ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ. ಊರಿನಿಂದ ತಂದ ಹುಣಸೆ, ಒಣಮೆಣಸು, ಮೀನಿನ ಸಾರಿಗೆ ಘಮಕ್ಕೆ ಹಾಕುವ ಒಂದು ಹಿಡಿ ಜುಮ್ಮನಕಾಯಿ ಚೀಲದಲ್ಲಿ ಇತ್ತು. ಮೆಣಸು ಹುರಿಯಲು ಇಟ್ಟದ್ದೇ ತಡ, ಬೆಂಕಿ ಬಿದ್ದರೆ ಎಚ್ಚರಿಸಲೆಂದು ಮಾಡಿನಲ್ಲಿ ಅಂಟಿಸಿದ ಹೊಗೆಯ ಗಂಟೆ ಊರಿಗೆ ಊರೇ ಎದ್ದು ಬರುವಂತೆ ಕೂಗತೊಡಗಿತು. ಮೋರಾಗ್ ಕಿಟಕಿಗಳನ್ನು ತೆರೆದಳು. ಕ್ಯಾಲಮ್ ಕೋಲಿನಿಂದ ಗಂಟೆಗೆ ಒಂದು ಏಟು ಹಾಕಿ ಅದರ ಬಾಯಿ ಮುಚ್ಚಿಸಿದ. ಇಬ್ಬರೂ ಕೆಮ್ಮುತ್ತ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವರು ಹಾಗೆ ಒಟ್ಟಿಗೆ ನಕ್ಕಿದ್ದನ್ನು ಈ ವರ್ಷ ಇದೇ ಮೊದಲು ಕಂಡದ್ದು ಎಂದು ಸಬೀಹಾ ಆಮೇಲೆ ಹೇಳಿದಳು.

ಊಟವಾದ ಮೇಲೆ ಕ್ಯಾಲಮ್ ನನ್ನನ್ನೂ ಸಬೀಹಾಳನ್ನೂ ಹೊರಗಿನ ಕಲ್ಲುಗೋಡೆಯ ಹತ್ತಿರ ಕರೆದ. ಅಲ್ಲಿ ಮೇಜಿನ ಕಾಯಿದೆ ನಡೆಯುವುದಿಲ್ಲ.

"ನೀನೂ ಮೀನಿನವನಂತೆ. ಹಾಗಾದ್ರೆ ಹೇಳು. ದೊಡ್ಡ ಹಡಗು ಬಂದು ತಳ ಕೆರೆದುಕೊಂಡು ಹೋಗ್ತದೆ. ನಾನು ಒಂದೊಂದೇ ಗೂಡು ಎತ್ತಿ, ಸಣ್ಣದನ್ನ, ಮೊಟ್ಟೆ ಇದ್ದದ್ದನ್ನ ಕೈಯಾರೆ ವಾಪಸ್ ಬಿಡೋನು. ಈಗ ಇಬ್ರಿಗೂ ಒಂದೇ ಶಿಕ್ಷೆ ಅಂತೆ. ಇದು ಎಂತ ನ್ಯಾಯ ಮಾರಾಯ?"

ನಮ್ಮ ಕರಾವಳಿಯ ನಾಡದೋಣಿಯವರೂ ಇದೇ ಪ್ರಶ್ನೆ ಕೇಳುತ್ತಾರೆ, ಅವರಿಗೂ ಉತ್ತರ ಸಿಕ್ಕಿಲ್ಲ ಎಂದೆ. ಅವನಿಗೆ ಅದು ಸ್ವಲ್ಪ ಸಮಾಧಾನ ತಂದಂತೆ ಕಂಡಿತು. ಕೊಲ್ಲಿ ಬಿಟ್ಟರೆ ಗುಡ್ಡದ ಮೂತಿ ಸುತ್ತಿ ಆಚೆಯ ದೊಡ್ಡ ನೀರಿಗೆ ಹೋಗಬೇಕು, ಅಲ್ಲಿ ದೋಣಿ ಕುಣಿಯುತ್ತದೆ, ಮೊಣಕಾಲು ಕುಣಿಯಲು ಒಪ್ಪುವುದಿಲ್ಲ ಎಂದು ಅವನು ಕಾಲನ್ನು ತಟ್ಟಿ ತೋರಿಸಿದ. ಅವನಿಗೆ ಉಳಿದಿದ್ದದ್ದು ಆ ಕೊಲ್ಲಿ. ಅದನ್ನೇ ತಂಗಿ ಕೇಳುತ್ತಿದ್ದಳು.

ದಕ್ಕೆಯ ಮೇಲೆ

ಧರಣಿ ನಡೆಯುತ್ತಿದ್ದದ್ದು ದೋಣಿ ಕಟ್ಟುವ ದಕ್ಕೆಯ ಮೇಲೆ. ವಜ್ರಳ್ಳಿಯಲ್ಲಿ ಸಂಜೆಯ ಬಸ್ಸಿಗೆ ಕಾಯುವಷ್ಟು ಜನ. ನಮ್ಮ ಕಡೆಯ ಧರಣಿಗಳ ಅನುಭವವಿರುವ ನನಗೆ ಇವರ ಏರ್ಪಾಡು ತೀರ ಬಡತನದ್ದಾಗಿ ಕಂಡಿತು. ಶಾಮಿಯಾನವಿಲ್ಲ. ಮೈಕಿಲ್ಲ. ತಡವಾಗಿ ಬರಬೇಕಾದ ಮುಖಂಡನೂ ಇಲ್ಲ. ಎಲ್ಲರೂ ಹೇಳಿದ ಹೊತ್ತಿಗೇ ಬಂದು ನಿಂತರು, ಹೀಗಾಗಿ ಕಾಯುವ ಕೆಲಸವೂ ಇಲ್ಲದೆ ಧರಣಿ ಒಮ್ಮೆಗೇ ಶುರುವಾಗಿಬಿಟ್ಟಿತು. ಒಬ್ಬ ಪೊಲೀಸ್ ಇದ್ದ; ಬ್ಯಾನರಿನ ಒಂದು ತುದಿಯ ಗಂಟು ಸಡಿಲಾದಾಗ ಅವನೇ ಬಿಗಿಯಾಗಿ ಕಟ್ಟಿಕೊಟ್ಟ. ಕೂಗುವ ಮೊದಲು ಪಕ್ಕದ ಮನೆಯಲ್ಲಿ ಮಗು ಮಲಗಿದೆಯೇ ಎಂದು ಕೇಳಿಕೊಂಡು ಬಂದರು. ಮಗು ಮಲಗಿತ್ತು. ಸಮುದ್ರ ಉಳಿಯಲಿ ಎಂಬ ಘೋಷಣೆಯನ್ನು ಎಲ್ಲರೂ ಪಿಸುಮಾತಿನಲ್ಲಿ ಕೂಗಿದೆವು.

ಮಳೆ ಬಂತು. ನಮ್ಮ ಮಳೆಗೆ ಒಂದು ಘನತೆ ಇದೆ, ಬಂದರೆ ಬಂದಂತೆ. ಅಲ್ಲಿಯದು ಸಾಲ ಕೇಳಲು ಬಂದ ನೆಂಟನ ಹಾಗೆ, ಹೋಗುವುದೂ ಇಲ್ಲ, ವಿಷಯಕ್ಕೆ ಬರುವುದೂ ಇಲ್ಲ. ಯಾರೂ ಕೊಡೆ ಬಿಡಿಸಲಿಲ್ಲ. ನಾನು ಬಿಡಿಸಿದೆ, ಗಾಳಿ ಅದನ್ನು ಹಿಂದುಮುಂದು ಮಾಡಿ ಕೈಗೆ ಕೊಟ್ಟಿತು. ಅದನ್ನು ಬಿಟ್ಟು ಮೀನಿನ ಫಲಕ ಎತ್ತಿಕೊಂಡೆ. ಧರಣಿಯವರೊಬ್ಬರು ತೆಗೆದು ಪತ್ರಿಕೆಗೆ ಕಳಿಸಿದ ಚಿತ್ರ ಆ ಗಳಿಗೆಯದು.

ದಿನವೂ ಬೆಳಿಗ್ಗೆ ಕ್ಯಾಲಮ್ ನಮ್ಮ ಮುಂದೆಯೇ ಹಾದು ತನ್ನ ದೋಣಿಗೆ ಇಳಿಯುತ್ತಿದ್ದ. ನನಗೆ ತಲೆಯಾಡಿಸುತ್ತಿದ್ದ. ಮೇಜಿನ ಮೇಲೆ ಮೋರಾಗ್ ಹರಡಿಟ್ಟ ನಕ್ಷೆ, ಚಿತ್ರಗಳ ಕಡೆಗೆ ಮಾತ್ರ ಕತ್ತು ತಿರುಗಿಸುತ್ತಿರಲಿಲ್ಲ. ಹಠದಿಂದ ನೋಡದೆ ಇರುವವನ ಕತ್ತು ಬೇರೆಯೇ ತರ ಇರುತ್ತದೆ. ಸಾಲ ಉಳಿಸಿಕೊಂಡ ಗಿರಾಕಿ ನನ್ನ ಅಂಗಡಿಯ ಮುಂದೆ ಹಾದು ಹೋಗುವಾಗ ಇರುವಂಥದ್ದು.

ಪೆಟ್ಟಿಗೆಯ ಪ್ರಕರಣ

ಅಧಿಕಾರಿಗಳು ಬರುವ ದಿನ ಮೋರಾಗ್ ಒಂದು ಮೀನಿನ ಪೆಟ್ಟಿಗೆ ತರಿಸಿದಳು. ಟ್ರಾಲರಿನಲ್ಲಿ ದುಡಿಯುವ ಒಬ್ಬ ನೋಡಲಾರದೆ ಕೊಟ್ಟದ್ದು: ಒಂದು ಎಳೆತದಲ್ಲಿ ಬಂದು ಸತ್ತ ಮೀನು. ಬೆರಳುದ್ದದ ಮರಿಗಳನ್ನು ಅವಳು ಎಲ್ಲರಿಗೂ ಕಾಣುವಂತೆ ಮೇಲೆ ಹರಡಿದಳು. ಹಡಗಿನಿಂದ ಇಳಿಯುವ ಅಧಿಕಾರಿಗಳೂ ಪತ್ರಿಕೆಯವಳೂ ಮೊದಲು ಇದನ್ನು ನೋಡಬೇಕು ಎಂಬುದು ಯೋಜನೆ. ಆಮೇಲೆ ಎಲ್ಲರೂ ಬ್ಯಾನರ್ ಹಿಡಿದು ಹಡಗಿನ ಕಡೆಗೆ ಹೋದರು. ಹಕ್ಕಿ ಮುತ್ತದಂತೆ ಪೆಟ್ಟಿಗೆ ಕಾಯಲು ನನ್ನನ್ನು ಬಿಟ್ಟರು. ಕೊನೆಗೂ ನನಗೊಂದು ಜವಾಬ್ದಾರಿ ಬಂತೆಂದು ಎದೆ ಸೆಟೆಸಿ ನಿಂತೆ.

ನಿಂತವನು ಪೆಟ್ಟಿಗೆಯನ್ನು ನೋಡಿದೆ. ನೋಡಬಾರದಿತ್ತು. ಮಂಜುಗಡ್ಡೆ ಒಂದು ಮೂಲೆಗೆ ಸರಿದು ಕರಗಿತ್ತು. ದೊಡ್ಡ ಮೀನು ಅಡಿಯಲ್ಲಿ ಜಜ್ಜಿಹೋಗುತ್ತಿತ್ತು. ಸಣ್ಣದು ಮೇಲೆ ಕಂಡಕಂಡ ಕಡೆಗೆ ತಲೆ ಮಾಡಿ ಬಿದ್ದಿತ್ತು. ಅಪ್ಪ ಬದುಕಿದ್ದು ಇದನ್ನು ಕಂಡಿದ್ದರೆ ಪೆಟ್ಟಿಗೆ ಜೋಡಿಸಿದವನಿಗೆ ಅಂದು ಊಟ ಸಿಗುತ್ತಿರಲಿಲ್ಲ. ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ತಳಕ್ಕೆ ಮಂಜುಗಡ್ಡೆ ಹಾಸಿದೆ, ಸಣ್ಣದನ್ನೆಲ್ಲ ಅದರ ಮೇಲೆ ಇಳಿಸಿದೆ, ಮತ್ತೆ ಮಂಜುಗಡ್ಡೆ, ಮೇಲೆ ದೊಡ್ಡವನ್ನು ತಲೆ ಹೊರಗೆ ಮಾಡಿ ಬೀಸಣಿಗೆಯ ಹಾಗೆ ಸಾಲಾಗಿಟ್ಟು, ಹೊಳಪು ಬರಲೆಂದು ನೀರು ಚಿಮುಕಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಯಲ್ಲಾಪುರದಲ್ಲಾಗಿದ್ದರೆ ಜನ ಸಾಲು ನಿಲ್ಲುತ್ತಿದ್ದರು.

ಬ್ಯಾನರಿನ ಮೆರವಣಿಗೆ ಬಂತು. ಪತ್ರಿಕೆಯವಳು ಪೆಟ್ಟಿಗೆಯ ಮೇಲೆ ಬಗ್ಗಿ, ಎಷ್ಟು ಚೆಂದದ ಮೀನು ಎಂದಳು. ಇದು ಮಾರಾಟಕ್ಕಿದೆಯೇ ಎಂದು ಅಧಿಕಾರಿಗಳಲ್ಲಿ ಒಬ್ಬರು ಕೇಳಿದರು. ಮೋರಾಗ್ ನನ್ನ ಕಡೆ ತಿರುಗಿದಳು. ಟೀಚರ್ ಆಗಿದ್ದವರು ಏನೂ ಹೇಳದೆ ನೋಡುವ ನೋಟದಲ್ಲಿ ಏನೇನು ಇರುತ್ತದೆಂದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು.

"ಮಾಮು, ಎಂತ ಮಾಡಿದ್ರಿ ಇದು?" ಎಂದಳು ಸಬೀಹಾ.

"ಹಾಳಾಗ್ತಾ ಇತ್ತು," ಎಂದೆ.

"ಹಾಳಾದದ್ದನ್ನೇ ತೋರಿಸೋಕೆ ಇಟ್ಟದ್ದು ಮಾಮು."

ಅಧಿಕಾರಿಗಳು ಸಭೆಯ ಕಡೆಗೆ ನಡೆದುಬಿಟ್ಟರು. ಪತ್ರಿಕೆಯವಳೂ ಹೋದಳು. ಮೋರಾಗ್ ಮರಿಗಳನ್ನು ಮತ್ತೆ ಮೇಲೆ ತೆಗೆಯಲು ಬಗ್ಗಿದವಳು ಹಾಗೆಯೇ ನಿಂತಳು. ಕ್ಯಾಲಮ್ ದೋಣಿಯಿಂದ ಹತ್ತಿ ಬರುತ್ತಿದ್ದ. ಎಂದಿನಂತೆ ಕತ್ತು ಬಿಗಿ ಮಾಡಿ ನಮ್ಮನ್ನು ದಾಟಿದ. ದಾಟಿ ನಿಂತ. ಹಿಂದೆ ಬಂದ.

ಇಲ್ಲಿ ನಮ್ಮ ಪೇಟೆಯ ಒಂದು ಪದ್ಧತಿ ಹೇಳಬೇಕು. ಪೆಟ್ಟಿಗೆಯಲ್ಲಿ ದೊಡ್ಡದು ಮೇಲೆ, ಸಣ್ಣದು ಕೆಳಗೆ. ಇದರಲ್ಲಿ ಮೋಸವಿಲ್ಲ, ಏಕೆಂದರೆ ಗುಟ್ಟಿಲ್ಲ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಅದಕ್ಕೇ ಯಲ್ಲಾಪುರದ ಗಿರಾಕಿ ಮೇಲಿನ ಸಾಲನ್ನು ಮರ್ಯಾದೆಗೆ ಒಮ್ಮೆ ನೋಡಿ, ತೋಳು ಮಡಿಸಿ, ಕೈಯನ್ನು ನೇರವಾಗಿ ತಳಕ್ಕೆ ಇಳಿಸುತ್ತಾನೆ. ತಳದಲ್ಲಿ ಬೆರಳಿಗೆ ಸಿಕ್ಕಿದ್ದನ್ನು ನೋಡಿದ ಮೇಲೆಯೇ ಮಾತು. ಚೆನ್ನಾಗಿ ಜೋಡಿಸಿದ ಪೆಟ್ಟಿಗೆ ಕಂಡರೆ ತಳ ಮುಟ್ಟದೆ ಮುಂದೆ ಹೋಗುವ ಮೀನಿನವನನ್ನು ನಾನು ಈವರೆಗೆ ಕಂಡಿಲ್ಲ. ಸಮುದ್ರದ ಆಚೆಯೂ ಕಾಣಲಿಲ್ಲ.

ಕ್ಯಾಲಮ್ ಯಾರನ್ನೂ ಕೇಳದೆ ತೋಳು ಮೇಲೆ ಮಾಡಿದ. ಮೊಣಕೈವರೆಗೆ ಮಂಜುಗಡ್ಡೆಯಲ್ಲಿ ಕೈ ಇಳಿಸಿದ. ಮುಷ್ಟಿ ಹೊರಗೆ ಬಂತು, ಬಿಚ್ಚಿದ. ಬೆರಳುದ್ದದ ಮರಿಗಳು. ಅವನು ಇನ್ನೊಂದು ಮೂಲೆಗೆ ಕೈ ಹಾಕಿದ. ಅಲ್ಲಿಯೂ ಅದೇ. ನಡುವಿಗೆ ಹಾಕಿದ. ಕೊನೆಗೆ ಮೇಲಿನ ಸಾಲನ್ನು ಎಡಗೈಯಿಂದ ಒಂದೇ ಸಲ ಬದಿಗೆ ಸರಿಸಿ ಪೂರ್ತಿ ಪೆಟ್ಟಿಗೆ ನೋಡಿದ. ಅಂಗೈಯಲ್ಲಿ ಒಂದು ಮರಿಯನ್ನು ಇಟ್ಟುಕೊಂಡು, ಅದರ ಬಾಲ ತನ್ನ ಬೆರಳಿನ ತುದಿಯನ್ನೂ ದಾಟದಿರುವುದನ್ನು ನೋಡಿದ.

"ಇದು ಬೆಳೀಬೇಕಾದ್ರೆ ಎಲ್ಲಿ ಹೋಗ್ಬೇಕಿತ್ತು?" ಎಂದು ಕೇಳಿದ. ಕೇಳಿದ್ದು ತಂಗಿಯನ್ನಲ್ಲ, ಸಬೀಹಾಳನ್ನು.

"ಇಲ್ಲಿಗೇ," ಎಂದಳು ಸಬೀಹಾ. "ನಿಮ್ಮ ಮನೆ ಮುಂದೆ. ಕೊಲ್ಲಿಯ ತಳದ ಹುಲ್ಲಿನ ಒಳಗೆ. ಕೊಲ್ಲಿಯ ಬಾಯಲ್ಲೇ ಬಲೆಗೆ ಬಿತ್ತು."

ಅವನು ಆ ಮರಿಯನ್ನು ಪೆಟ್ಟಿಗೆಯ ಮೇಲೆ, ದೊಡ್ಡ ಮೀನಿನ ತಲೆಯ ಪಕ್ಕದಲ್ಲಿ, ನಿಧಾನವಾಗಿ ಇಟ್ಟ. ಕೈಯನ್ನು ಅಂಗಿಗೆ ಒರೆಸಿಕೊಂಡು ಹೋದ. ಮೋರಾಗ್ ನನ್ನ ಕಡೆ ನೋಡಿದಳು. ಈ ಸಲದ ನೋಟ ಮೊದಲಿನದಾಗಿರಲಿಲ್ಲ.

ಸಭೆಗೆ ಇನ್ನೂ ಹೊತ್ತಿತ್ತು. ಮಾಬ್ಲನ ಫೋನು ಬಂತು. ಚಿತ್ರ ಆಗಲೇ ಅವನ ಕೈ ಸೇರಿತ್ತು.

"ಸಾಬ್ರೆ, ನೀವಲ್ಲಿ ಮೀನು ಹಿಡೀಬೇಡಿ ಹೇಳಿ ಕೂತ್ಕಂಡ್ರೆ ನಾನಿಲ್ಲಿ ಟೆಂಪೋದಲ್ಲಿ ಎಂತ ತುಂಬ್ಲಿ, ಗಾಳಿಯಾ? ಪೇಟೆಯಲ್ಲಿ ನಿಮ್ಮನ್ನ ಸನ್ಯಾಸಿ ಮಾಡಿ ಆಯ್ತು."

ಪೆಟ್ಟಿಗೆಯ ಕಥೆಯನ್ನು ಅವನಿಗೆ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

"ಹೋದ ಸೀಸನ್ ನೆನಪುಂಟಾ ಸಾಬ್ರೆ? ತಳಕ್ಕೆ ಹಾಕೂಕೆ ಸಣ್ಣದು ಬೇಕಾದಷ್ಟಿತ್ತು. ಮೇಲಿಡೂಕೆ ದೊಡ್ಡ ಬಂಗಡೆ ಎಲ್ಲಿತ್ತು?"

ನೆನಪಿತ್ತು. ತಾರ್ಲೆ ಮೀನೂ ಹಾಗೇ. ಅಂಕೋಲೆಯ ದಕ್ಕೆಯಲ್ಲಿ ಕಡ್ಡಿಯಂಥ ಮರಿಗಳನ್ನು ಸಲಿಕೆಯಿಂದ ಎತ್ತಿ ಮೀನುಹಿಟ್ಟಿನ ಕಾರ್ಖಾನೆಯ ಲಾರಿಗೆ ಸುರಿಯುತ್ತಿದ್ದದ್ದನ್ನು ನಾವಿಬ್ಬರೂ ಟೀ ಕುಡಿಯುತ್ತ ನೋಡಿದವರೇ. ದೊಡ್ಡದು ಇನ್ನು ಯಾವ ದಾರಿಯಿಂದ ಬರಬೇಕು ಎಂದು ಟೀ ಕುಡಿಯುವಾಗ ಯಾರೂ ಕೇಳಲಿಲ್ಲ.

ಊರ ಸಭೆ

ಸಭೆ ನಡೆದದ್ದು ಊರಿನ ಮದುವೆ, ಕುಣಿತ, ಮತದಾನ ಎಲ್ಲ ನಡೆಯುವ ಒಂದೇ ಹಾಲಿನಲ್ಲಿ. ಗೋಡೆಯ ಬದಿಯಲ್ಲಿ ಚಹಾ, ಬಿಸ್ಕತ್ತು. ಟ್ರಾಲರಿನವರ ಪರವಾಗಿ ಬಂದವನೂ ಸಭ್ಯನೇ. ದೊಡ್ಡ ಊರಿನ ಕಾರ್ಖಾನೆಯಲ್ಲಿ ಸಿಗಡಿ ಬಿಡಿಸುವ ಹೆಂಗಸರ ಕೆಲಸ ಏನಾಗಬೇಕು ಎಂದು ಕೇಳಿದ. ಅದೂ ತಳ್ಳಿಹಾಕುವ ಮಾತಲ್ಲ. ಮೋರಾಗ್ ಎದ್ದು ನಕ್ಷೆ ಬಿಚ್ಚಿ, ಎಲ್ಲಿ ಹುಲ್ಲು ಇದೆ, ಎಲ್ಲಿ ಬೋಳಾಗಿದೆ ಎಂದು ತೋರಿಸಿದಳು. ದನಿ ಎತ್ತಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಇಷ್ಟರಲ್ಲಿ ಒಂದು ಕುರ್ಚಿಯಾದರೂ ಮುರಿಯುತ್ತಿತ್ತು ಎಂದು ಸಬೀಹಾಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈಗೆ ಬಿಸ್ಕತ್ತು ಕೊಟ್ಟಳು. ಸುಮ್ಮನಿರಿ ಎಂದು ಅರ್ಥ.

ಸಣ್ಣ ದೋಣಿಯವರ ಅಭಿಪ್ರಾಯವೇನು ಎಂದು ಅಧಿಕಾರಿ ಕೇಳಿದರು. ದೋಣಿಯವರೆಲ್ಲ ಹಿಂದಿನ ಬೆಂಚುಗಳಲ್ಲಿ ತೋಳು ಕಟ್ಟಿ ಕುಳಿತಿದ್ದರು. ಎಲ್ಲರ ಕಣ್ಣೂ ಕ್ಯಾಲಮ್‌ನ ಬೆನ್ನಿನ ಮೇಲೆ. ಅವನು ಎದುರಿನ ಕುರ್ಚಿಯನ್ನು ಹಿಡಿದುಕೊಂಡು, ಒಂದೊಂದೇ ಮೊಣಕಾಲನ್ನು ಒಪ್ಪಿಸಿ, ಎದ್ದು ನಿಂತ.

"ನಾನು ತಪ್ಪು ಮಾಡಿಲ್ಲ. ಇದನ್ನ ಮೊದ್ಲು ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು.

"ಬರೆದಾಯ್ತಾ?"

"ಆಯ್ತು."

"ಕೊಲ್ಲಿ ಬಿಡ್ತೇನೆ. ಆದ್ರೆ ದೊಡ್ಡ ಹಡಗು ಒಂದೇ ಒಂದು ಸಲ ಒಳಗೆ ಬಂದ್ರೂ ನನ್ನ ಗೂಡು ಮಾರನೇ ದಿನ ವಾಪಸ್ ನೀರಿಗೆ. ಅದನ್ನೂ ಬರೀರಿ."

ಹೇಳಿ ಕುಳಿತುಕೊಂಡ. ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆ ಹೋಯಿತು, ಪಕ್ಕದ್ದು ಹೋಯಿತು, ಆಮೇಲೆ ಉಳಿದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೋರಾಗ್ ನಕ್ಷೆಯನ್ನು ಸುತ್ತತೊಡಗಿದಳು. ಅಷ್ಟು ಸಲ ಸುತ್ತಿದ ನಕ್ಷೆ ಆ ದಿನ ಯಾಕೋ ಅವಳ ಕೈಯಲ್ಲಿ ಸರಿಯಾಗಿ ಸುತ್ತಿಕೊಳ್ಳಲಿಲ್ಲ.

ಕೊಲ್ಲಿ

ಸರ್ಕಾರದ ಆದೇಶ ಬರಲು ತಿಂಗಳುಗಳು ಬೇಕು, ವರ್ಷವೂ ಆಗಬಹುದು, ಬರದೆಯೂ ಇರಬಹುದು ಎಂದು ಸಬೀಹಾ ಹೇಳಿದಳು. ಈ ಒಂದು ವಿಷಯದಲ್ಲಿ ಸ್ಕಾಟ್‌ಲೆಂಡಿಗೂ ನಮ್ಮ ತಾಲೂಕು ಕಚೇರಿಗೂ ಯಾವ ವ್ಯತ್ಯಾಸವೂ ಕಾಣದೆ ನನಗೆ ಮನೆಯ ನೆನಪಾಯಿತು. ಆದೇಶ ಬರುವವರೆಗೆ ಗೂಡು ಇರಲಿ ಎಂದು ಉಳಿದ ದೋಣಿಯವರು ಕ್ಯಾಲಮ್‌ಗೆ ಹೇಳಿದರಂತೆ. ಬಿಡುತ್ತೇನೆ ಎಂದದ್ದು ಸರ್ಕಾರವಲ್ಲ, ನಾನು ಎಂದನಂತೆ ಅವನು.

ನಾವು ಹೊರಡುವ ಮುನ್ನಾದಿನ ಅವನು ಗೂಡುಗಳನ್ನು ಎತ್ತಲು ಹೋದ. ನನ್ನನ್ನೂ ಸಬೀಹಾಳನ್ನೂ ಕರೆದ. ಮೋರಾಗ್ ಯಾರೂ ಕರೆಯದೆ ಬಂದು ದೋಣಿಯ ಹಿಂದೆ ಕುಳಿತಳು. ನೀರು ಒಡೆಯದ ಗಾಜಿನಂತಿತ್ತು. ಇಡೀ ಜೀವನ ಮೀನಿನಲ್ಲಿ ಕಳೆದರೂ ನಾನು ಘಟ್ಟದ ಮೇಲಿನ ಮೀನಿನವನು, ದೋಣಿ ಹತ್ತಿದವನಲ್ಲ. ದೋಣಿಯ ಅಂಚಿಗೆ ಬಗ್ಗಿ ಕೊಲ್ಲಿಯ ಜೀವಿಗಳಿಗೆ ನನ್ನ ಬೆಳಗಿನ ತಿಂಡಿಯನ್ನು ಅರ್ಪಿಸಿದೆ. ಕ್ಯಾಲಮ್ ಅದನ್ನು ನೋಡಿಯೂ ನೋಡದ ಹಾಗೆ ಹಗ್ಗ ಎಳೆಯುತ್ತಿದ್ದ.

ಒಂದೊಂದು ಬಣ್ಣದ ಬುರುಡೆ ನೀರಿನ ಮೇಲೆ ತೇಲುತ್ತಿರುತ್ತದೆ, ಅದರ ಕೆಳಗೆ ಹಗ್ಗ, ಹಗ್ಗದ ತುದಿಗೆ ಗೂಡು. ಅವನು ಎತ್ತುತ್ತಿದ್ದ, ತಂಗಿ ಹಗ್ಗ ಸುತ್ತುತ್ತಿದ್ದಳು, ನಾನು ಗೂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ. ಜೋಡಿಸುವ ಕೆಲಸಕ್ಕೆ ಈ ಸಲ ಯಾರ ಆಕ್ಷೇಪಣೆಯೂ ಇರಲಿಲ್ಲ. ಸಿಕ್ಕ ಏಡಿಗಳನ್ನೆಲ್ಲ ಅವನು ವಾಪಸ್ ಬಿಟ್ಟ. ಮೊಟ್ಟೆ ಹೊತ್ತ ಒಂದು ದೊಡ್ಡ ಕಡಲಸಿಗಡಿಯನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು, ಬಗ್ಗಿ, ನೀರಿನೊಳಗೆ ಕೈ ಮುಳುಗಿಸಿಯೇ ಬಿಟ್ಟ. ಎಸೆಯಲಿಲ್ಲ.

ಕೊನೆಯ ಗೂಡು ಮನೆಯ ಎದುರಿಗೇ ಇತ್ತು. ಅದನ್ನು ಎತ್ತಿ ಗೂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಹಗ್ಗದ ತುದಿಗೆ ದೋಣಿಯಲ್ಲಿದ್ದ ಒಂದು ಕಲ್ಲನ್ನು ಕಟ್ಟತೊಡಗಿದ. ಗೂಡಿಲ್ಲದ ಹಗ್ಗ, ಮೇಲೆ ಕಿತ್ತಳೆ ಬಣ್ಣದ ಒಂದು ಬುರುಡೆ. ಇದೆಂತಕ್ಕೆ ಎಂದು ನಾನು ಸನ್ನೆ ಮಾಡಿದೆ. ಅವನು ಮನೆಯ ಮಾಳಿಗೆಯ ಕಿಟಕಿ ತೋರಿಸಿ, ತನ್ನ ಕಣ್ಣು ತೋರಿಸಿ, ಬುರುಡೆಯನ್ನು ತೋರಿಸಿದ. ಹುಟ್ಟಿದಾಗಿನಿಂದ ಎದ್ದ ಕೂಡಲೇ ಅವನು ನೋಡುತ್ತಿದ್ದದ್ದು ಅದನ್ನೇ.

ಕೊಲ್ಲಿಯಲ್ಲಿ ಹಗ್ಗ, ಕಲ್ಲು, ಬುರುಡೆ ಏನನ್ನೂ ಇಳಿಸಬಾರದು ಎಂದು ಅರ್ಜಿಯಲ್ಲೇ ಇದೆ. ಆ ಸಾಲು ಬರೆದವಳು ಮೋರಾಗ್. ಅವಳು ಕಲ್ಲನ್ನು ನೋಡಿದಳು, ಬುರುಡೆಯನ್ನು ನೋಡಿದಳು, ಅಣ್ಣನ ದಪ್ಪ ಬೆರಳುಗಳು ತಡಕಾಡುತ್ತ ಗಂಟು ಹಾಕುವುದನ್ನು ನೋಡಿದಳು. ಆಮೇಲೆ ಮುಂದೆ ಬಂದು, ಅವನ ಕೈಯಿಂದ ಹಗ್ಗ ತೆಗೆದುಕೊಂಡು, ಇನ್ನೊಂದು ಸುತ್ತು ಹಾಕಿ ಬಿಗಿದಳು.

"ಸಡ್ಲ ಕಟ್ಟಿದೀಯ," ಎಂದಳು. "ಚಳಿಗಾಲದ ಗಾಳಿಗೆ ನಿಲ್ಬೇಕಲ್ಲ."